ದ್ವಾದಶಿಯ ಬೆಳಿಗ್ಗೆ ಯಾರಿಗೂ ಹೇಳದೆ ಗುಡ್ಡ ಇಳಿದ ಬಗ್ಗೆ

ತುಂಗಾಬಾಯಿ ಗಂಡ ದಿವಂಗತ ಸುಜಯೀಂದ್ರ ಜೋಶಿ, ವಯಸ್ಸು 62 ವರ್ಷ, ಉದ್ಯೋಗ: ನ್ಯಾಯಾಲಯದ ನಿವೃತ್ತ ಬೆರಳಚ್ಚುಗಾರ್ತಿ, ಸಾಕಿನ್ ಬ್ರಹ್ಮಪುರ, ಕಲಬುರಗಿ. ಇಂದು ದಿನಾಂಕ 09-02-2025 ರಂದು ಮಧ್ಯಾಹ್ನ 12-15 ಗಂಟೆಗೆ ಕಮಲಾಪುರ ಪೊಲೀಸ್ ಠಾಣೆಯಲ್ಲಿ ಖುದ್ದು ಕುಳಿತು, ಬೆಳಿಗ್ಗೆ ಯಾವ ಹೆಂಗಸು ಕಾಣೆಯಾಗಿದ್ದಾಳೆಂದು ದೂರು ಬಂದಿದೆಯೋ ಆ ಹೆಂಗಸು ನಾನೇ ಆಗಿದ್ದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಯಿಸುವುದು ಹೀಗಿದೆ.

ಮೊದಲಿಗೆ ಒಂದು ಮಾತು. ನಾನು ನೌಕರಿಯ ಉದ್ದಕ್ಕೂ ಬೇರೆಯವರ ಹೇಳಿಕೆಗಳನ್ನೇ ಟೈಪ್ ಮಾಡಿದವಳು. ಸಾಕ್ಷಿ ಹೇಳುವುದು ಒಂದು, ಕಾಗದದ ಮೇಲೆ ಬರುವುದು ಇನ್ನೊಂದು. ಹೊಲದ ಬದುವಿನಲ್ಲಿ ಕುಳಿತು ಬಾಯಿ ಬಡಿದುಕೊಂಡು ಅತ್ತವಳು ಕಾಗದದಲ್ಲಿ ‘ದುಃಖತಪ್ತಳಾಗಿ’ ಎಂದಾಗಿಬಿಡುತ್ತಾಳೆ. ಆದ್ದರಿಂದ ಯಾರು ಹೇಗೆ ಮಾತಾಡಿದರೋ ಹಾಗೆಯೇ ಬರೆಯಬೇಕೆಂದು ಮಹಿಳಾ ಹವಾಲ್ದಾರರಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ಒಪ್ಪುವ ಮೊದಲು ಪಿಎಸ್‌ಐ ಸಾಹೇಬರ ಮುಖ ನೋಡಿದರು, ಅದು ಬೇರೆ ಮಾತು.

ನನಗೆ ಧೀರೇಂದ್ರ ಎಂಬ ಒಬ್ಬನೇ ಮಗ. ಸೊಸೆ ಮಂಜುಷಾ. ಮೂವರೂ ಒಂದೇ ಮನೆಯಲ್ಲಿ ಇದ್ದೇವೆ, ಜಗಳವಿಲ್ಲ. ಮಗ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಎಲ್ಲದರಲ್ಲೂ ಅಪಾಯವೇ ಕಾಣುವುದು ಅಲ್ಲಿಂದಲೇ ಬಂದಿರಬೇಕು. ನಾನು ಸ್ಟೂಲ್ ಹತ್ತಿ ಮಾಡಿನ ಜೇಡರ ಬಲೆ ತೆಗೆದರೂ ಅವನ ಎದೆ ಹೊಡೆದುಕೊಳ್ಳುತ್ತದೆ.

ಹಿಮದ ಬೆಟ್ಟ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಯಾರಿಗೆ ಹೇಳಿದರೂ ಕೇದಾರಕ್ಕೋ ಬದರಿಗೋ ಎಂದು ಕೇಳುತ್ತಾರೆ. ಎರಡಕ್ಕೂ ಅಲ್ಲ. ದೇವರ ದರ್ಶನಕ್ಕಾದರೆ ಮಠದ ಬಸ್ಸಿದೆ, ಜೊತೆಗೆ ಅಡುಗೆಯವರು ಬರುತ್ತಾರೆ, ಮಗನೇ ಟಿಕೀಟು ತೆಗೆಸಿ ಕೊಡುತ್ತಾನೆ. ನನಗೆ ಬೇಕಾದದ್ದು ನನ್ನ ಕಾಲ ಮೇಲೆ ನಡೆದು ಒಂದು ಎತ್ತರಕ್ಕೆ ಹೋಗಿ ನಿಲ್ಲುವುದು, ಅಷ್ಟೇ. ಈವರೆಗೆ ನಾನು ಹತ್ತಿದ ಅತಿ ಎತ್ತರದ ಜಾಗ ಕೋರ್ಟಿನ ರೆಕಾರ್ಡ್ ರೂಮಿನ ಮಾಳಿಗೆ. ಅದನ್ನು ಹತ್ತಿದ್ದೂ ಹಳೆಯ ಫೈಲು ತರಲಿಕ್ಕೆ.

ಕಳೆದ ದೀಪಾವಳಿ ಆದ ಮೇಲೆ ಶಹಾಬಜಾರದ ಅಣವೀರಪ್ಪನವರ ಮಗಳು ಅಂಬಿಕಾ, ವಯಸ್ಸು 28, ಐವತ್ತು ದಾಟಿದ ಹೆಂಗಸರನ್ನು ಉತ್ತರಾಖಂಡದ ಪರ್ವತಕ್ಕೆ ನಡಿಗೆಗೆ ಕರೆದೊಯ್ಯುತ್ತಾಳೆಂದು ತಿಳಿಯಿತು. ಅವಳು ಪರ್ವತ ಹತ್ತುವ ತರಬೇತಿ ಪಡೆದವಳು. ಇಷ್ಟು ದಿನ ಬೇರೆಯವರ ಕೈಕೆಳಗೆ ಗೈಡ್ ಆಗಿದ್ದಳು. ಈಗ ಸ್ವಂತವಾಗಿ ಒಯ್ಯುತ್ತಿರುವ ಮೊದಲ ತಂಡ ಇದು. ನಾವು ಹತ್ತು ಮಂದಿ ಸೇರಿದೆವು. ಹೊರಡುವ ದಿನ ಏಪ್ರಿಲ್ 17. ಸೇರಿದ ದಿನದಿಂದ ಪ್ರತಿ ಬೆಳಿಗ್ಗೆ ಕುಸನೂರ ರಸ್ತೆಯಲ್ಲಿ ನಮ್ಮನ್ನು ನಡೆಸುತ್ತಿದ್ದಾಳೆ. ಸೀರೆ ಬಿಟ್ಟು ಚೂಡಿದಾರ, ಕಾಲಿಗೆ ಬೂಟು ಹಾಕಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಮೊದಲ ದಿನ ಮಂಜುಷಾ ನನ್ನನ್ನು ನೋಡಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಆಮೇಲೆ ಬೂಟಿನ ಲೇಸು ಕಟ್ಟಿಕೊಟ್ಟವಳೂ ಅವಳೇ.

ಅಂಬಿಕಾ ಬಹಳ ಕಟ್ಟುನಿಟ್ಟು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು. ಅವಳು ಸೀಟಿ ಊದಿದಾಗ ಎಲ್ಲರೂ ನಿಂತು, ಜೋಡಿಯ ಎದುರಿಗೆ ನೀರು ಕುಡಿಯಬೇಕು. ಬಯಲಿಗೆ ಹೋಗುವುದಿದ್ದರೂ ಜೋಡಿಗೆ ಹೇಳಿ ಹೋಗಬೇಕು. ಮೊದಲ ದಿನವೇ ಅವಳು, “ಅಲ್ಲೆ ಮ್ಯಾಲ ಒಬ್ಬರು ಕಾಣಲಿಲ್ಲಂದ್ರ ಉಳದವರ ಜೀವಕ್ಕೂ ಕುತ್ತರೀ. ಹೇಳ್ದೆ ಹೋದವರನ್ನ ನಾ ಪರ್ವತಕ್ಕ ಕರಕೊಂಡು ಹೋಗಂಗಿಲ್ಲ. ಕಾಕು ಅಂತ ಬಿಡಂಗಿಲ್ಲ, ಅವ್ವ ಅಂತ ಬಿಡಂಗಿಲ್ಲ” ಎಂದು ಹೇಳಿದ್ದಳು. ನನ್ನನ್ನು ಅವಳು ಕಾಕು, ಅಂದರೆ ಚಿಕ್ಕಮ್ಮ ಎಂದೇ ಕರೆಯುವುದು. ನಾನು ತಲೆಯಾಡಿಸಿದ್ದೆ.

ನನ್ನ ಜೋಡಿ ನೂರಜಹಾನ್, ವಯಸ್ಸು 54, ಶಹಾಬಜಾರದಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ನಡೆಯುವಾಗ ಮಾತು ಕಡಿಮೆ, ನಿಂತಾಗ ಜಾಸ್ತಿ. ನನಗೆ ಅವರು ಸರಿಹೊಂದಿದ್ದಾರೆ.

ಪರ್ವತಕ್ಕೆ ಹೋಗುವ ಮೊದಲು ಒಂದು ರಾತ್ರಿ ಟೆಂಟಿನಲ್ಲಿ ಉಳಿಯುವ ಅಭ್ಯಾಸವಾಗಲಿ ಎಂದು ಅಂಬಿಕಾ ಕಮಲಾಪುರದ ಗುಡ್ಡದಲ್ಲಿ ಎರಡು ದಿನದ ನಡಿಗೆ ಇಟ್ಟಳು. ಇದರಲ್ಲಿ ಪಾಸಾದವರಿಗೆ ಮಾತ್ರ ಪರ್ವತ. ಅವಳು ಗೊತ್ತು ಮಾಡಿದ ದಿನ ಫೆಬ್ರವರಿ 8, ಶನಿವಾರ. ಮನೆಗೆ ಬಂದು ಪಂಚಾಂಗ ನೋಡಿದರೆ ಅಂದು ಏಕಾದಶಿ.

ಏಕಾದಶಿಯ ವಿಷಯ ಕೇಸಿಗೆ ಬೇಕೇ ಎಂದು ಹವಾಲ್ದಾರರು ಕೇಳಿದರು. ಕೇಸೇ ಅದು ಎಂದು ನಾನು ಹೇಳಿದೆ. ನಮ್ಮಲ್ಲಿ ಏಕಾದಶಿಯ ದಿನ ಊಟವಿಲ್ಲ. ನಾನು ನೀರನ್ನೂ ಕುಡಿಯುವುದಿಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ತುಳಸಿ ತೀರ್ಥ ತೆಗೆದುಕೊಂಡು ಉಪವಾಸ ಬಿಡಬೇಕು. ಅದಕ್ಕೆ ಪಾರಣೆ ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಬಾಣಂತನದಲ್ಲಿ ಬಿಟ್ಟರೆ ಇದನ್ನು ತಪ್ಪಿಸಿಲ್ಲ. ಆಫೀಸಿನಲ್ಲಿ ಏಕಾದಶಿಯ ದಿನ ಸಂಜೆಯವರೆಗೆ ಟೈಪ್ ಮಾಡಿದ್ದೇನೆ, ಒಂದಕ್ಷರ ತಪ್ಪಿಲ್ಲ. ಆದರೆ ಕುರ್ಚಿಯ ಮೇಲೆ ಕೂತು ಮಾಡುವುದೇ ಬೇರೆ, ಬೆನ್ನ ಮೇಲೆ ಚೀಲ ಹೊತ್ತು ಗುಡ್ಡ ಹತ್ತುವುದೇ ಬೇರೆ. ಇದು ಆಗ ತಲೆಗೆ ಹೋಗಲಿಲ್ಲ.

ಬಾಯಿ ಬಿಟ್ಟು ಹೇಳಿದ್ದರೆ ಅಂಬಿಕಾ ದಿನ ಬದಲಿಸುತ್ತಿದ್ದಳು. ನಾನು ಹೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ಹನಿ ನೀರೂ ಕುಡಿಯದ ಮುದುಕಿಯನ್ನು ಯಾರಾದರೂ ಪರ್ವತಕ್ಕೆ ಕರೆದೊಯ್ಯುತ್ತಾರೆಯೇ ಎಂಬ ಹೆದರಿಕೆ ನನ್ನದು. ನನ್ನನ್ನು ಬಿಟ್ಟು ಹೋಗುತ್ತಾರೆಂದು ಹೆದರಿ ಮುಚ್ಚಿಟ್ಟೆ.

ಶನಿವಾರ ಬೆಳಿಗ್ಗೆ 7 ಗಂಟೆಗೆ ಎಲ್ಲರೂ ಕ್ರೂಸರ್ ಗಾಡಿಯಲ್ಲಿ ಕಲಬುರಗಿ ಬಿಟ್ಟು, ಕಮಲಾಪುರ ದಾಟಿ ಗುಡ್ಡದ ಬುಡದಲ್ಲಿ ಇಳಿದೆವು. ಅಲ್ಲಿಂದ ನೆತ್ತಿಯ ಬಯಲಿನವರೆಗೆ ಸುತ್ತು ಹಾದಿಯಲ್ಲಿ ಅಂದಾಜು ಹನ್ನೊಂದು ಕಿಲೋಮೀಟರ್. ಮೊದಲ ಸೀಟಿಗೆ ನಾನು ಬಾಟಲಿಯನ್ನು ತುಟಿಗೆ ಹಚ್ಚಿ ಇಳಿಸಿದೆ. ಎರಡನೆಯ ಸೀಟಿಗೂ ಹಾಗೆಯೇ ಮಾಡಿದೆ. ನೂರಜಹಾನ್ ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಬಿಸಿಲು ಏರಿದ ಮೇಲೆ ನನ್ನ ಚೀಲದೊಳಗಿನ ಎರಡು ಸಾಮಾನು ತೆಗೆದು ತಮ್ಮ ಚೀಲದಲ್ಲಿ ಹಾಕಿಕೊಂಡರು. ಯಾಕೆಂದು ಕೇಳಿದ್ದಕ್ಕೆ ತಮ್ಮ ಚೀಲ ಒಂದು ಕಡೆ ವಾಲುತ್ತಿದೆ ಎಂದು ಸುಳ್ಳು ಹೇಳಿದರು.

ಸಂಜೆ 4-30ಕ್ಕೆ ನೆತ್ತಿಯ ಬಯಲು ಮುಟ್ಟಿದೆವು. ಕೆಳಗೆ ಒಂದು ಕಡೆ ಹಳ್ಳದ ಗೆರೆ, ಅದರ ಆಚೆ ಬಾಳೆ ತೋಟದ ಹಸಿರು ಕಾಣುತ್ತಿತ್ತು. ಹತ್ತಿ ಬಂದ ದಾರಿ ನೋಡಿ ನನಗೆ ಬಹಳ ಸಂತೋಷವಾಯಿತು. ಬಾಯಿ ಅಂಟಂಟಾಗಿತ್ತು, ಕಾಲು ನಡುಗುತ್ತಿದ್ದವು, ಆದರೂ ಸಂತೋಷ. ಇದನ್ನು ಬರೆಯುವುದು ಬೇಡವೆಂದು ಹವಾಲ್ದಾರರು ಅಂದರು. ಬರೆಯಿರಿ ಎಂದು ಹೇಳಿದ್ದರಿಂದ ಬರೆಯಲಾಗಿದೆ.

ಟೆಂಟಿನೊಳಗೆ ಇಬ್ಬರೇ ಇದ್ದಾಗ ನೂರಜಹಾನ್ ಅವರು, “ಅಕ್ಕಾರ, ನೀವು ಉಪಾಸ ಇದ್ದೀರಿ. ರೋಜಾ ಹಿಡದವರ ತುಟಿ ನನಗ ಗೊತ್ತಾಗ್ತಾವ್ರಿ” ಎಂದರು. ನಾನು ಹೌದೆಂದೆ, ಅಂಬಿಕಾಳಿಗೆ ಹೇಳಬೇಡಿ ಎಂದೆ. ಅದಕ್ಕೆ ಅವರು, “ನಾ ಯಾಕ ಹೇಳ್ಲಿ? ನಿಮ್ಮ ಉಪಾಸ ಅಂದ್ರ ನಿಮಗ ನಿಮ್ಮ ದೇವರಿಗ ಬಿಟ್ಟ ಮಾತು. ನಡುವ ನಾ ಯಾರು?” ಎಂದು ನನ್ನ ಕಾಲು ಒತ್ತಿದರು. ರಾತ್ರಿ ಎಲ್ಲರೂ ಖಿಚಡಿ ಉಂಡಾಗ ನನಗೆ ಹೊಟ್ಟೆ ಸರಿಯಿಲ್ಲವೆಂದು ಅವರೇ ಅಂಬಿಕಾಳಿಗೆ ಹೇಳಿದರು. ಅಂಬಿಕಾ ಗಾಬರಿಯಾಗಿ ಓಆರ್‌ಎಸ್ ಪುಡಿ ಕಲಸಿದ ನೀರು ತಂದುಕೊಟ್ಟಳು. ಅವಳು ಆಚೆ ಹೋದ ಮೇಲೆ ಅದನ್ನು ಟೆಂಟಿನ ಹಿಂದೆ ಚೆಲ್ಲಿದೆ. ಸ್ವಲ್ಪ ಹೊತ್ತಿಗೆ ಬಂದು “ಕುಡಿದ್ರೇನ್ರಿ ಕಾಕೂ?” ಎಂದು ಕೇಳಿದಳು. ಕುಡಿದೆನವ್ವಾ ಎಂದೆ. ನೂರಜಹಾನ್ ಅವರು ಕೌದಿ ಎಳೆದುಕೊಂಡು ಆಚೆ ಹೊರಳಿದರು.

ಹೀಗೆ ಅವರು ನನ್ನ ವ್ರತಕ್ಕೆ ಮರ್ಯಾದೆ ಕೊಟ್ಟರು, ನಾನು ಅವರ ಮರ್ಯಾದೆಯ ಲಾಭ ಪಡೆದೆ. ಜೋಡಿ ಎಂಬ ಕಟ್ಟಳೆ ಯಾವುದಕ್ಕಾಗಿ ಇತ್ತೋ ಅದೇ ಕೆಲಸಕ್ಕೆ ಬಾರದೆ ಹೋಯಿತು.

ಇಂದು ಭಾನುವಾರ ಬೆಳಿಗ್ಗೆ ಅಂದಾಜು 5-30ಕ್ಕೆ ನಾನು ಎದ್ದೆ. ಪಾರಣೆಗೆ ಸ್ನಾನ ಬೇಕಿತ್ತು. ಬಯಲಿನ ಮೇಲೆ ಇದ್ದದ್ದು ಡ್ರಮ್ಮಿನಲ್ಲಿ ತಂದ ಕುಡಿಯುವ ನೀರು. ಹತ್ತು ಮಂದಿಯ ಕುಡಿಯುವ ನೀರಿನಲ್ಲಿ ನಾನು ಸ್ನಾನ ಮಾಡಲಾರೆ. ಕೆಳಗಿನ ಹಳ್ಳದಲ್ಲಿ ಮುಳುಗಿ, ಪಾರಣೆ ಮುಗಿಸಿ, ಎಲ್ಲರೂ ಏಳುವ ಹೊತ್ತಿಗೆ ಬಂದುಬಿಡುತ್ತೇನೆ ಎಂದುಕೊಂಡೆ. ಮಡಿ ಸೀರೆ, ತಾಮ್ರದ ತಂಬಿಗೆ, ಅವಲಕ್ಕಿ ಬೆಲ್ಲದ ಡಬ್ಬಿ, ತುಳಸಿ, ಬ್ಯಾಟರಿ ತೆಗೆದುಕೊಂಡೆ. ಮೊಬೈಲನ್ನು, ಅಂಬಿಕಾ ಎಲ್ಲರ ಕೊರಳಿಗೆ ಹಾಕಿದ್ದ ಸೀಟಿಯನ್ನು, ತೊಯ್ಯುತ್ತವೆ ಎಂದು ದಿಂಬಿನ ಕೆಳಗೆ ಇಟ್ಟೆ. ನೂರಜಹಾನ್ ಅವರು ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲಿಲ್ಲ.

ಹಳ್ಳ ಮುಟ್ಟಿ ನೋಡಿದರೆ ಬರೀ ಕಲ್ಲು, ಮರಳು. ಫೆಬ್ರವರಿಯಲ್ಲಿ ನಮ್ಮ ಕಡೆ ಹಳ್ಳದಲ್ಲಿ ನೀರು ಇರುತ್ತದೆ ಎಂದುಕೊಂಡ ನನ್ನ ಬುದ್ಧಿಗೆ ಏನನ್ನಬೇಕು. ತೋಟವಿದ್ದ ಮೇಲೆ ಬಾವಿ ಇದ್ದೇ ಇರುತ್ತದೆ ಎಂದು ಹಳ್ಳದ ಗುಂಟ ನಡೆದೆ. ಬೆಳಕು ಹರಿದಾಗ ಹಿಂತಿರುಗಿ ನೋಡಿದರೆ ನಮ್ಮ ಬಯಲು ಯಾವ ಕಡೆಗೆ ಎಂಬುದೇ ತಿಳಿಯಲಿಲ್ಲ. ಒಂದು ಬಾವಿ ಸಿಕ್ಕಿತು. ಮೆಟ್ಟಿಲು ಕುಸಿದಿದ್ದವು, ನೀರು ಆಳದಲ್ಲಿತ್ತು. ಬಾವಿಗೆ ಬಗ್ಗಿ ನೋಡಿದಾಗ ಕಣ್ಣು ಕತ್ತಲೆ ಬಂತು. ಹಿಂದಕ್ಕೆ ಸರಿದು ಹುಣಸೆ ಮರದ ಬುಡದಲ್ಲಿ ಕುಳಿತುಬಿಟ್ಟೆ. ಮುಂದಕ್ಕೆ ವಾಲಿದ್ದರೆ ಈ ಹೇಳಿಕೆಯನ್ನು ಬೇರೆ ಯಾರಾದರೂ ಕೊಡಬೇಕಾಗುತ್ತಿತ್ತು.

ಅಲ್ಲಿ ಎಷ್ಟು ಹೊತ್ತು ಕುಳಿತೆನೋ ಸರಿಯಾಗಿ ಹೇಳಲಾರೆ. ಸೂರ್ಯ ಬಂದ ಮೇಲೆ ಆ ತೋಟ ಮಾಡಿಕೊಂಡಿರುವ ಚಂದಮ್ಮ ಎಂಬವಳು ನೀರು ಬಿಡಲು ಬಂದು ನನ್ನನ್ನು ನೋಡಿದಳು. “ಯಾರ್ರೀ ಬಾಯಾರ, ಒಬ್ಬಾಕಿನೇ ಇಲ್ಯಾಕ ಕುಂತೀರಿ?” ಎಂದು ತನ್ನ ಬಿಂದಿಗೆ ಮುಂದೆ ಹಿಡಿದಳು. ಸ್ನಾನವಾಗದೆ ಕುಡಿಯುವುದಿಲ್ಲ, ನಿನ್ನೆ ಏಕಾದಶಿ ಎಂದು ಹೇಳಿದೆ. ಆಕೆ, “ಮೊದಲ ನೀರು ಕುಡೀರಿ. ದೇವರು ಸಿಟ್ಟಾದ್ರ ಚಂದಮ್ಮ ಕುಡಿಸ್ಯಾಳ ಅಂತ ನನ್ನ ಹೆಸರು ಹೇಳ್ರಿ” ಎಂದಳು. ನಾನು ಕೇಳಲಿಲ್ಲ. ಹಾಗಾದರೆ ಪಂಪು ಚಾಲೂ ಮಾಡುವವರೆಗೆ ಕೂರಬೇಕೆಂದಳು. ಕರೆಂಟು ಇರಲಿಲ್ಲ. ಆಕೆ ನನ್ನ ಪಕ್ಕದಲ್ಲಿ ಕುಳಿತು ತಂತಿಯ ಕಡೆಗೂ ನನ್ನ ಕಡೆಗೂ ನೋಡುತ್ತಿದ್ದಳು. ಫೋನು ಇದೆಯೇ ಎಂದು ಕೇಳಿದ್ದಕ್ಕೆ ಗಂಡ ಒಯ್ದಿದ್ದಾನೆ, ಕಮಲಾಪುರದ ಸಂತೆಗೆ ಬಾಳೆಗೊನೆ ಹಾಕಲು ಹೋಗಿದ್ದಾನೆ ಎಂದಳು.

ಅಂದಾಜು 7-50ಕ್ಕೆ ಕರೆಂಟು ಬಂತು. ಪಂಪಿನ ನೀರಿಗೆ ತಲೆಯೊಡ್ಡಿ ಸ್ನಾನ ಮಾಡಿದೆ. ಪಂಪಿನ ಮನೆಯಲ್ಲಿ ಸೀರೆ ಬದಲಿಸಿ, ಪೂರ್ವಕ್ಕೆ ಮುಖ ಮಾಡಿ ಜಪಕ್ಕೆ ಕುಳಿತೆ. ಆಗ ಮೇಲೆ ದಿಬ್ಬದ ಮೇಲಿಂದ ಸೀಟಿ ಕೇಳಿಸಿತು. ಮೂರು ಸಲ ಊದಿ ನಿಲ್ಲಿಸಿ, ಮತ್ತೆ ಮೂರು ಸಲ. ಇನ್ನೂರು ಮೀಟರಿಗಿಂತ ದೂರವಿರಲಿಲ್ಲ. ಅಂಬಿಕಾಳ ಸೀಟಿ ಎಂದು ನನಗೆ ಗೊತ್ತಾಯಿತು. ಚಂದಮ್ಮ, “ಕಬ್ಬಿನ ಹೊಲದವರು ಹಂದಿ ಓಡಸಾಕ ಊದಾಕತ್ತಾರ” ಎಂದಳು. ಜಪದ ನಡುವೆ ಮಾತಾಡುವಂತಿಲ್ಲ. ನಾನು ಕೈಸನ್ನೆಯಿಂದ ತಡೆ ಎಂದೆ. ಎರಡು ನಿಮಿಷ ಕಳೆಯಿತು. ಜಪ ಮುಗಿಸಿ, ತೀರ್ಥ ತೆಗೆದುಕೊಂಡು, ಎದ್ದು ಕೂಗಿದೆ. ಒಣಗಿದ ಗಂಟಲಿನಿಂದ ಸ್ವರ ಹೊರಡಲಿಲ್ಲ. ಅಷ್ಟರಲ್ಲಿ ಸೀಟಿ ದಿಬ್ಬದ ಆಚೆಗೆ ಹೋಗಿತ್ತು.

ಸೀಟಿ ಕೇಳಿಸಿದ ವಿಷಯ ಬರೆಯದಿದ್ದರೆ ನಡೆಯುತ್ತದೆ ಎಂದು ಹವಾಲ್ದಾರರು ಪೆನ್ನು ಎತ್ತಿ ಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಬರೆಯಲೇಬೇಕು ಎಂದು ಹೇಳಿದ್ದರಿಂದ ಬರೆಯಲಾಗಿದೆ.

ನಾನಿಲ್ಲದಾಗ ಮೇಲೆ ನಡೆದದ್ದನ್ನು ಆಮೇಲೆ ಕೇಳಿ ತಿಳಿದುಕೊಂಡಿದ್ದೇನೆ. 6-15ಕ್ಕೆ ನೂರಜಹಾನ್ ಅವರು ಎದ್ದು ನನ್ನ ಹಾಸಿಗೆ ಖಾಲಿ ಇದ್ದದ್ದು ನೋಡಿ ಅಂಬಿಕಾಳನ್ನು ಕೂಗಿದರು. ಅಂಬಿಕಾ ಉಳಿದವರನ್ನು ಒಂದು ಕಡೆ ಕೂರಿಸಿ ಹುಡುಕಲು ಇಳಿದಳು. 7 ಗಂಟೆಗೆ ತಾನಾಗಿಯೇ 112ಕ್ಕೆ ಫೋನು ಮಾಡಿದಳು, ಆಮೇಲೆ ನನ್ನ ಮಗನಿಗೆ ಮಾಡಿದಳು. ಮುಚ್ಚಿಡಲು ನೋಡಲಿಲ್ಲ. ಮಗ ಕಲಬುರಗಿಯಿಂದ ಬಂದವನು ಗುಡ್ಡಕ್ಕೆ ಓಡಿ, ಬಾವಿಗಳನ್ನು ಇಣುಕಿ, 8-45ಕ್ಕೆ ಠಾಣೆಗೆ ಬಂದು ದೂರು ಕೊಟ್ಟಿದ್ದಾನೆ. ತಾಯಿಯ ಕೈಯಲ್ಲಿ ಬಂಗಾರದ ಬಳೆ ಇದ್ದವು, ಗೈಡ್ ಸರಿಯಾಗಿ ಕಾಯಲಿಲ್ಲ, ಅವಳ ಅಲಕ್ಷ್ಯದಿಂದ ಹೀಗಾಗಿದೆ ಎಂದು ಅದರಲ್ಲಿದೆ. ಅದರ ಮೇಲೆ ಅಂಬಿಕಾಳನ್ನು ವಿಚಾರಣೆಗೆ ಕರೆತಂದು ಕೂರಿಸಿದ್ದಾರೆ. ಒಬ್ಬಳೇ ಇರಬಾರದೆಂದು ನೂರಜಹಾನ್ ಅವರೂ ಅವಳ ಜೊತೆ ಬಂದಿದ್ದಾರೆ. ಉಳಿದ ಎಂಟು ಮಂದಿಯನ್ನು ಕ್ರೂಸರಿನಲ್ಲಿ ಕಲಬುರಗಿಗೆ ಕಳಿಸಿದ್ದಾರೆ.

ಈ ಕಡೆ ಚಂದಮ್ಮ ನನಗೆ ಅವಲಕ್ಕಿಯ ಜೊತೆ ಎರಡು ಕೆಂಪು ಬಾಳೆಹಣ್ಣು ತಿನ್ನಿಸಿ, ನಾಲ್ಕು ಲೋಟ ನೀರು ಕುಡಿಸಿ, ಕೈ ಹಿಡಿದು ರಸ್ತೆಗೆ ಕರೆತಂದಳು. ಟಂಟಂ ಗಾಡಿ ನಿಲ್ಲಿಸಿ ತಾನೂ ಹತ್ತಿದಳು. ತೋಟಕ್ಕೆ ನೀರು ಬಿಡುವುದಿತ್ತಲ್ಲವೇ ಎಂದರೆ, “ಬಾಳಿ ಎಲ್ಲಿಗೂ ಹೋಗಂಗಿಲ್ಲ, ನೀವು ಹೋಗ್ತೀರಿ” ಎಂದಳು. ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಪೊಲೀಸರು ತಮ್ಮ ಮೊಬೈಲಿನ ಫೋಟೋ ನೋಡಿ, ನನ್ನ ಮುಖ ನೋಡಿ, ನಮ್ಮಿಬ್ಬರನ್ನೂ ಠಾಣೆಗೆ ಕರೆತಂದರು. ಆಗ 10-10 ಆಗಿತ್ತು.

ಒಳಗೆ ಬೆಂಚಿನ ಮೇಲೆ ಅಂಬಿಕಾ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಮೊದಲು ಕೇಳಿದ್ದು, “ನೀರು ಕುಡಿದ್ರೇನ್ರಿ ಕಾಕೂ?” ಎಂದು. ಕುಡಿದೆ ಎಂದೆ. ಈ ಸಲ ಖರೇ ಹೇಳಿದೆ. ಅವಳು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ಮಗನ ಪ್ಯಾಂಟು ಮೊಣಕಾಲಿನವರೆಗೆ ಕೆಮ್ಮಣ್ಣಾಗಿತ್ತು. ಎರಡೂ ಅಂಗೈ ಜಾಲಿ ಮುಳ್ಳಿಗೆ ಗೀರಿದ್ದವು. ಅವನು ನನ್ನ ಕೈ ಹಿಡಿದುಕೊಂಡು ನಿಂತ. ಬಾವಿ ಇಣುಕುವಾಗ ಅವನಿಗೆ ಏನೇನು ಅನ್ನಿಸಿತೋ ಎಂದು ನೆನೆದು ಸೆರಗಿನಿಂದ ಅವನ ಅಂಗೈ ಒರೆಸಿದೆ.

ಪಿಎಸ್‌ಐ ಸಾಹೇಬರು ನನಗೆ ಚಹಾ ಕೊಡಿಸಿ, “ತಾಯೀ, ನಿಮ್ಮ ಮಗ ಗೈಡ್ ಮ್ಯಾಲ ಕಂಪ್ಲೇಂಟ್ ಕೊಟ್ಟಾರ. ಆಕಿದು ತಪ್ಪದ ಅಂತ ನೀವಂದ್ರ ಕೇಸ್ ಆಗ್ತದ. ಇಲ್ಲಂದ್ರ ಇಲ್ಲಿಗೇ ಮುಗೀತದ” ಎಂದರು. ಕೇಸಾದರೆ ಅಂಬಿಕಾಳ ಕೆಲಸ ಮೊದಲ ತಂಡಕ್ಕೇ ಮುಗಿಯುತ್ತದೆ. ಕೇಸಿರುವ ಗೈಡಿನ ಜೊತೆ ಯಾರು ತಮ್ಮ ತಾಯಿಯನ್ನು ಕಳಿಸುತ್ತಾರೆ?

ಮಗ ನನ್ನನ್ನು ಪಕ್ಕಕ್ಕೆ ಕರೆದು ನಮ್ಮ ಮನೆಮಾತು ಮರಾಠಿಯಲ್ಲಿ, “ಆಯಿ, ಪುರೇ ಆತಾ” ಎಂದ. ಇನ್ನು ಸಾಕು ಎಂದು ಅರ್ಥ. ಗೈಡ್ ಕಾಯಲಿಲ್ಲ ಎಂದಷ್ಟು ಹೇಳಿದರೆ ಸಾಕು, ಈ ಪರ್ವತದ ಹುಚ್ಚು ಇಲ್ಲಿಗೆ ನಿಲ್ಲುತ್ತದೆ ಎಂದು ಅವನ ಲೆಕ್ಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೆದರಿಕೆಯಿಂದ ಒಬ್ಬರ ಹೆಣ್ಣುಮಗಳ ಬಾಳು ಹಾಳು ಮಾಡುವ ಕಾಗದಕ್ಕೆ ನಾನು ಸಹಿ ಹಾಕಲಾರೆ.

ಅಷ್ಟರಲ್ಲಿ ಅಂಬಿಕಾ ಮುಖ ತೊಳೆದುಕೊಂಡು ಬಂದು ನಿಂತಳು. “ಕಾಕೂ, ಖರೇ ಏನದ ಅದನ್ನ ಬರಸ್ರಿ. ನನ್ನ ತಪ್ಪಿದ್ರ ನನ್ನ ತಪ್ಪು ಬರಸ್ರಿ. ಆದ್ರ ಒಂದು ಈಗೇ ಹೇಳಿಬಿಡ್ತೀನಿ. ನೀವಾಗೇ ಹೇಳ್ದೆ ಹೋಗಿದ್ರ, ನಾ ನಿಮ್ಮನ್ನ ಪರ್ವತಕ್ಕ ಕರಕೊಂಡು ಹೋಗಂಗಿಲ್ಲ” ಎಂದಳು. ಅಂದರೆ ಖರೇ ಹೇಳಿದರೆ ಅವಳು ಉಳಿಯುತ್ತಾಳೆ, ನನ್ನ ಪರ್ವತ ಹೋಗುತ್ತದೆ. ಹುಡುಗಿಯ ಧೈರ್ಯ ನೋಡಿ ನನಗೆ ಸಿಟ್ಟೂ ಬಂತು, ಇಂಥವಳ ಹಿಂದೆಯೇ ಹತ್ತಬೇಕು ಎಂದೂ ಅನ್ನಿಸಿತು. ಆಮೇಲೆ ಈ ಹೇಳಿಕೆಗೆ ಕುಳಿತೆ.

ನಾನು ಸ್ಪಷ್ಟವಾಗಿ ಹೇಳುವುದು ಇಷ್ಟು. ಅಂಬಿಕಾಳ ಅಲಕ್ಷ್ಯ ಏನೂ ಇಲ್ಲ. ಅವಳು ಹೇಳಿದ್ದನ್ನೆಲ್ಲ ಮುರಿದವಳು ನಾನು. ಉಪವಾಸ ಮುಚ್ಚಿಟ್ಟೆ, ಕೊಟ್ಟ ನೀರು ಚೆಲ್ಲಿದೆ, ಹೇಳದೆ ಇಳಿದೆ, ಸೀಟಿ ಕೇಳಿಸಿದರೂ ಓಗೊಡಲಿಲ್ಲ. ಅವಳ ಮೇಲೆ ಯಾವ ಕ್ರಮವೂ ಬೇಡ.

ಇಲ್ಲಿ ಬರೆಯುವುದು ಸ್ವಲ್ಪ ಹೊತ್ತು ನಿಂತಿತ್ತು. ಆಗ ನಡೆದದ್ದನ್ನೂ ಸೇರಿಸಬೇಕೆಂದು ಕೇಳಿಕೊಂಡಿದ್ದರಿಂದ ಮುಂದುವರಿಸಲಾಗಿದೆ.

ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿದ್ದ ಅಂಬಿಕಾ, ನೂರಜಹಾನ್, ಮಗ ಮೂವರೂ ನನ್ನ ಮಾತು ಕೇಳಿಸಿಕೊಂಡಿದ್ದರು. ನೂರಜಹಾನ್ ಅವರು ಒಳಗೆ ಬಂದು, “ನನಗ ಗೊತ್ತಿತ್ರಿ ಸಾಹೇಬರ. ಅಕ್ಕಾರ ಹನಿ ನೀರು ಕುಡಿದಿಲ್ಲಂತ ಗೊತ್ತಿದ್ದೂ ನಾ ಹೇಳಲಿಲ್ಲ. ಅಕ್ಕಾರನ್ನ ಬಿಡೋದಾದ್ರ ನನ್ನನ್ನೂ ಬಿಡ್ರಿ” ಎಂದರು. ಇದು ಠಾಣೆ, ಟ್ರಿಪ್ಪಿನ ಆಫೀಸಲ್ಲ ಎಂದು ಸಾಹೇಬರು ಹೇಳಿದರು. ಆದರೆ ಯಾರನ್ನೂ ಹೊರಗೆ ಕಳಿಸಲಿಲ್ಲ.

ಅಂಬಿಕಾ ಯಾರ ಮುಖವನ್ನೂ ನೋಡದೆ ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆ ತಿರುವಿದಳು. “ಏಪ್ರಿಲ್ ಇಪ್ಪತ್ನಾಕನೇ ತಾರೀಕಿಗೂ ಏಕಾದಶಿ ಅದ. ಆವತ್ತು ಎಲ್ಲಾದಕ್ಕಿಂತ ದೊಡ್ಡ ಏರು ಅದ. ಏನು ಮಾಡ್ತಿದ್ರಿ ಕಾಕೂ?” ಎಂದು ಕೇಳಿದಳು. ನಿನ್ನೆಯ ಹಾಗೆ ಬಾಟಲಿ ತುಟಿಗೆ ಹಚ್ಚುತ್ತಿದ್ದೆ ಎಂದು ಹೇಳಿದೆ. ಈಗ ಏನು ಮಾಡುತ್ತೀರಿ ಎಂದಳು. ನೀರು ಕುಡಿಯುತ್ತೇನೆ ಎಂದೆ. ಪ್ರಯಾಣದಲ್ಲಿ ಇದ್ದವರಿಗೆ, ಮೈಯಲ್ಲಿ ಶಕ್ತಿ ಇಲ್ಲದವರಿಗೆ ನೀರು, ಹಾಲು, ಹಣ್ಣಿನ ವಿನಾಯಿತಿ ನಮ್ಮಲ್ಲೇ ಇದೆ. ಬೇರೆ ಮುದುಕಿಯರಿಗೆ ನಾನೇ ಅದನ್ನು ಹೇಳಿದ್ದೇನೆ. ನನಗೆ ಹೇಳಿಕೊಂಡಿರಲಿಲ್ಲ. ನಾನು ಶಕ್ತಿ ಇಲ್ಲದವಳೆಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಅದು ಭಕ್ತಿಯಲ್ಲ, ಜಂಬ.

ಅಂಬಿಕಾ ಆ ತಾರೀಕಿನ ಮೇಲೆ ಬೆರಳಿಟ್ಟು, “ನೀರು ಕುಡಿದ್ರೂ ಊಟಿಲ್ದೆ ಆ ಏರು ಏರಂಗಿಲ್ರಿ. ಆವತ್ತು ಎಲ್ಲಾರೂ ಕ್ಯಾಂಪಿನಾಗ ಕೂಡೂಣು. ಮರುದಿನ ಏರೂಣು. ಬೆಳಿಗ್ಗೆ ಎಷ್ಟಕ್ಕ ಉಣ್ತೀರಿ?” ಎಂದಳು. ನಾಲ್ಕೂವರೆಗೆ ಪಾರಣೆ ಮುಗಿಸುತ್ತೇನೆ ಎಂದೆ. “ಅಲ್ಲೆ ಸ್ನಾನ?” ಎಂದಳು. ಹಿಮದಲ್ಲಿ ನಾಲ್ಕು ಹನಿ ನೀರು ತಲೆಯ ಮೇಲೆ ಚಿಮುಕಿಸಿ ಮಂತ್ರ ಹೇಳಿದರೂ ಸ್ನಾನವೇ ಎಂದೆ. “ಅದನ್ನ ನಿನ್ನೆ ಡ್ರಮ್ಮಿನ ನೀರಲೇ ಮಾಡಿದ್ರ ನಾವು ಯಾರೂ ಇಲ್ಲಿ ಇರ್ತಿರಲಿಲ್ಲಲ್ರಿ” ಎಂದಳು. ಬರೆಯುತ್ತಿದ್ದ ಹವಾಲ್ದಾರರು ನಕ್ಕರು.

ಆಮೇಲೆ ಅವಳು ಕಟ್ಟುನಿಟ್ಟಾಗಿ ಹೇಳಿದಳು. ಈ ನಡಿಗೆಯಲ್ಲಿ ನಾನೂ ನೂರಜಹಾನ್ ಅವರೂ ನಾಪಾಸು, ಅದರಲ್ಲಿ ಮಾತಿಲ್ಲ. ಬೇಕಾದರೆ ನಮ್ಮಿಬ್ಬರಿಗೆ ಇದೇ ಗುಡ್ಡದಲ್ಲಿ ಇನ್ನೊಮ್ಮೆ ನಡಿಗೆ, ಫೆಬ್ರವರಿ 22 ಮತ್ತು 23. ಅದರಲ್ಲಿ ಪಾಸಾದರೆ ಪರ್ವತ, ಇಲ್ಲವಾದರೆ ಇಲ್ಲ. ಇಷ್ಟು ಸಿಕ್ಕಿದ್ದೇ ಹೆಚ್ಚು, ಹೂಂ ಎಂದುಬಿಡಬೇಕು ಎಂದು ನನ್ನ ಮನಸ್ಸು ಹೇಳಿತು. ಬಾಯಿ ಬೇರೆ ಹೇಳಿತು. 23 ದಶಮಿ, ದಶಮಿಗೆ ನನಗೆ ಒಂದೇ ಹೊತ್ತು ಊಟ, ಬೆನ್ನ ಮೇಲೆ ಚೀಲ ಹೊತ್ತು ಇಳಿಯುವಾಗ ಕಾಲು ಸೋಲಬಹುದು ಎಂದು ಹೇಳಿದೆ.

ಅಂಬಿಕಾ ನನ್ನನ್ನೇ ನೋಡಿದಳು. “ಹಿಂಗ ಹೇಳ್ರಿ ಅಂತ ಇಷ್ಟು ದಿನ ಬಡಕೊಂಡೀನಿ” ಎಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. ಮಧ್ಯಾಹ್ನದ ಊಟ ಮಾಡಿಸಿಯೇ ಇಳಿಸುವುದಾಗಿ ಹೇಳಿ ದಿನವನ್ನು ಹಾಗೆಯೇ ಉಳಿಸಿದಳು.

ನನ್ನ ಮಗ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ್ದಾನೆ. ದೂರು ವಾಪಸು ಪಡೆಯುವ ಕಾಗದ ಕೇಳಿ, ಬೇರೆಯಾಗಿ ಬರೆದುಕೊಟ್ಟಿದ್ದಾನೆ. ಅಂಬಿಕಾಳಿಗೆ, “ನನ್ನದು ತಪ್ಪಾತ್ರಿ. ಅಂಜಿಬಿಟ್ಟಿದ್ದೆ” ಎಂದು ಹೇಳಿದ. ಅವಳು, “ನಾನೂ ಅಂಜಿದ್ದೆರೀ” ಎಂದಳು. ಆಮೇಲೆ ಅವನು ನನ್ನ ಕಡೆ ತಿರುಗಿ, 22ಕ್ಕೆ ತಾನೂ ಬಂದರೆ ನಡೆಯುತ್ತದೆಯೇ ಎಂದು ಕೇಳಿದ. ನಿನಗೆ ಇನ್ನೂ ಐವತ್ತಾಗಿಲ್ಲ, ನೀನು ಹೆಂಗಸೂ ಅಲ್ಲ, ಬೇಕಾದರೆ ಗುಡ್ಡದ ಬುಡದಲ್ಲಿ ಚಂದಮ್ಮನ ತೋಟದಲ್ಲಿ ಕೂತುಕೋ ಎಂದು ಹೇಳಿದ್ದೇನೆ. ಇನ್ನೂ ಇಲ್ಲೇ ಕುಳಿತಿರುವ ಚಂದಮ್ಮ ಆಗಲಿ ಎಂದಿದ್ದಾಳೆ.

ಈ ಹೇಳಿಕೆಯನ್ನು ಹವಾಲ್ದಾರರು ನನಗೆ ಓದಿ ಹೇಳಿದ್ದಾರೆ. ನಾನು ಮತ್ತೊಮ್ಮೆ ಸ್ವತಃ ಓದಿ ಎರಡು ಕಡೆ ಕಾಗುಣಿತ ತಿದ್ದಿಸಿದ್ದೇನೆ. ಇದರಲ್ಲಿ ನಡೆದದ್ದು ಬಿಟ್ಟು ಬೇರೆ ಏನೂ ಇಲ್ಲ, ನಡೆದದ್ದರಲ್ಲಿ ಬಿಟ್ಟದ್ದೂ ಏನೂ ಇಲ್ಲ. ಮುಂದೆ ವಿಚಾರಣೆಗೆ ಕರೆದಾಗ ಬರುತ್ತೇನೆ. ಆದರೆ ಏಪ್ರಿಲ್ 17ರಿಂದ 30ರವರೆಗೆ ಬ್ರಹ್ಮಪುರದ ವಿಳಾಸದಲ್ಲಿ ನಾನು ಸಿಗುವುದಿಲ್ಲ. ಕಾಣೆಯಾಗಿದ್ದೇನೆಂದು ಯಾರೂ ತಿಳಿಯಬಾರದು. ಎಲ್ಲರಿಗೂ ಹೇಳಿಯೇ ಹೋಗಿರುತ್ತೇನೆ.

ಸ್ಥಳ: ಕಮಲಾಪುರ
ದಿನಾಂಕ: 09-02-2025, ಮಾಘ ಶುದ್ಧ ದ್ವಾದಶಿ

(ಸಹಿ) ತುಂಗಾಬಾಯಿ ಸುಜಯೀಂದ್ರ ಜೋಶಿ